ಮುಗಿಯುವುದು, ಸುಮ್ಮನಾಗುವುದು: ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮೀಡಿಯಂನಲ್ಲಿ ಓದಿ, ಈಗ ಬೆಂಗಳೂರಿನ ಆಫೀಸುಗಳಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡಬೇಕಾದವರಿಗೆ ಸಂಜೆ ಹೊತ್ತು ಪಾಠ ಹೇಳುವುದು ನನ್ನ ಕೆಲಸ. ಕಾಲ, ವಚನಗಳಿಗಿಂತ ಜಾಸ್ತಿ ಪ್ರಶ್ನೆ ಬರುವುದು ರನ್ ಔಟ್, ಡೈ ಡೌನ್ ಥರದ ಜೋಡಿ ಪದಗಳ ಬಗ್ಗೆ. ಅವುಗಳಲ್ಲಿ ಎರಡು ಗುಂಪನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಒಂದು, ಏನಾದರೂ ಖಾಲಿಯಾದಾಗ ಬರುವವು. ಇನ್ನೊಂದು, ಮಾತು ಅಥವಾ ಸದ್ದು ನಿಂತಾಗ ಬರುವವು. ಡ್ರೈ ಅಪ್, ಗಿವ್ ಔಟ್ ಥರದವು ಎರಡೂ ಕಡೆ ಕೆಲಸ ಮಾಡುತ್ತವೆ. ಅದಕ್ಕೇ ಒಟ್ಟಿಗೆ ಕಲಿತರೆ ಸುಲಭ.

ಫ್ರೇಸಲ್ ವರ್ಬ್ ಅಂದರೆ ಸರಿಯಾಗಿ ಏನು?

ಕ್ರಿಯಾಪದದ ಪಕ್ಕದಲ್ಲಿ ಔಟ್, ಅಪ್, ಡೌನ್, ಆಫ್ (off), ಅವೇ ಥರದ ಸಣ್ಣ ಪದ ಬಂದು, ಎರಡೂ ಸೇರಿ ಬೇರೆ ಅರ್ಥ ಕೊಟ್ಟರೆ ಅದು ಫ್ರೇಸಲ್ ವರ್ಬ್. ರನ್ ಅಂದರೆ ಓಡು. ರನ್ ಔಟ್ ಅಂದರೆ ಮುಗಿದು ಹೋಗು.

ಇದು ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ಒಮ್ಮೆ ಗಮನಿಸಿ. ‘ಕೆರೆ ಬತ್ತಿ ಹೋಯಿತು’ ಅನ್ನುತ್ತೇವೆ. ಕೆರೆ ಎಲ್ಲಿಗೂ ಹೋಗಿಲ್ಲ. ‘ಎಲ್ಲಾ ತಿಂದು ಹಾಕಿದ’ ಅನ್ನುತ್ತೇವೆ. ಅವನು ಏನನ್ನೂ ಹಾಕಿಲ್ಲ. ‘ಹೇಳಿಬಿಟ್ಟೆ’ ಅನ್ನುವಾಗ ಬಿಟ್ಟದ್ದು ಏನೂ ಇಲ್ಲ. ಆ ಎರಡನೇ ಕ್ರಿಯಾಪದ ತನ್ನ ಸ್ವಂತ ಅರ್ಥ ಬಿಟ್ಟು ‘ಪೂರ್ತಿ ಆಯಿತು’ ಅನ್ನುವುದನ್ನು ಮಾತ್ರ ಹೇಳುತ್ತಿದೆ. ಇಂಗ್ಲಿಷಿನಲ್ಲಿ ಅಪ್, ಔಟ್ ಮಾಡುವುದು ಹೆಚ್ಚುಕಮ್ಮಿ ಇದೇ ಕೆಲಸ. ಡ್ರೈಡ್ ಅಪ್ ಅಂದರೆ ಬತ್ತಿ ಹೋಯಿತು. ಈಟ್ ಅಪ್ ಅಂದರೆ ಪೂರ್ತಿ ತಿಂದು ಮುಗಿಸು. ವೆಂಟ್ ಔಟ್ ಅಂದರೆ ದೀಪ ಆರಿ ಹೋಯಿತು. ಕನ್ನಡ ಬಲ್ಲವರಿಗೆ ಫ್ರೇಸಲ್ ವರ್ಬ್ ಕಷ್ಟ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದರ ಅಭ್ಯಾಸ ನಮಗೆ ಚಿಕ್ಕಂದಿನಿಂದ ಇದೆ.

‘ಮಿಲ್ಕ್ ಗಾಟ್ ಓವರ್’ ಅಂತ ಎಲ್ಲರೂ ಹೇಳ್ತಾರಲ್ಲ, ಅದು ತಪ್ಪಾ?

ಬೆಂಗಳೂರಿನಲ್ಲಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ದರ್ಶಿನಿಯಲ್ಲಿ ‘ವಡೆ ಓವರ್ ಸಾರ್’ ಅಂದರೆ ಯಾರೂ ಇನ್ನೊಮ್ಮೆ ಕೇಳುವುದಿಲ್ಲ. ಆದರೆ ಲಂಡನ್ನಿನ ಕ್ಲೈಂಟ್‌ಗೆ ‘ಅವರ್ ಬಜೆಟ್ ಗಾಟ್ ಓವರ್’ ಅಂದರೆ ಅವರು ಗೊಂದಲಕ್ಕೆ ಬೀಳುತ್ತಾರೆ. ಅವರ ಪ್ರಕಾರ ಗೆಟ್ ಓವರ್ ಅಂದರೆ ಕಾಯಿಲೆಯಿಂದ ಚೇತರಿಸಿಕೊಳ್ಳುವುದು ಅಥವಾ ದುಃಖದಿಂದ ಹೊರಗೆ ಬರುವುದು. ‘ಶಿ ಗಾಟ್ ಓವರ್ ಹರ್ ಫೀವರ್’ ಅಂದರೆ ಅವಳಿಗೆ ಜ್ವರ ವಾಸಿಯಾಯಿತು.

ನಾವು ಹಾಗೆ ಹೇಳುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ವಾಕ್ಯ ಶುರುವಾಗುವುದೇ ಹಾಲಿನಿಂದ. ‘ಹಾಲು ಮುಗೀತು.’ ಯಾರ ಮನೆಯ ಹಾಲು ಅನ್ನುವುದನ್ನು ಹೇಳಲೇಬೇಕು ಅಂತಿಲ್ಲ. ಇಂಗ್ಲಿಷಿನವರು ಹೆಚ್ಚಾಗಿ ಮನೆಯವರಿಂದ ಶುರು ಮಾಡುತ್ತಾರೆ. ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್.’ ಹಾಲಿನಿಂದಲೂ ಶುರು ಮಾಡಬಹುದು. ‘ದ ಮಿಲ್ಕ್ ಹ್ಯಾಸ್ ರನ್ ಔಟ್.’ ಎರಡೂ ಸರಿ. ಮನುಷ್ಯರು ಮೊದಲು ಬಂದರೆ ‘ಆಫ್’ (of) ಬೇಕು. ವಸ್ತು ಮೊದಲು ಬಂದರೆ ‘ಆಫ್’ ಬೇಡ. ನನ್ನ ತರಗತಿಯಲ್ಲಿ ಜಾಸ್ತಿ ಹೊತ್ತು ಹೋಗುವುದು ಈ ಒಂದು ವಿಷಯಕ್ಕೆ. ಹೋಗಲೂಬೇಕು. ಯಾರನ್ನು ಅಥವಾ ಯಾವುದನ್ನು ಮುಂದೆ ಇಡುತ್ತೇವೆ ಅನ್ನುವುದು ಗಟ್ಟಿಯಾದರೆ ಉಳಿದದ್ದು ತಾನಾಗಿ ಬರುತ್ತದೆ. ಇದಕ್ಕಿಂತ ಸರಳವಾಗಿ ಬೇಕಾದರೆ ‘ವಿ ಆರ್ ಔಟ್ ಆಫ್ ಮಿಲ್ಕ್’ ಅನ್ನಿ.

ಓವರ್ ಪೂರ್ತಿ ತಪ್ಪು ಪದವೇನಲ್ಲ. ಮೀಟಿಂಗ್, ಪರೀಕ್ಷೆ, ಮ್ಯಾಚ್ ಮುಗಿದಾಗ ‘ಈಸ್ ಓವರ್’ ಅನ್ನುವುದು ಒಳ್ಳೆಯ ಇಂಗ್ಲಿಷೇ. ನಡೆಯುವ ಸಂಗತಿ ಮುಗಿದರೆ ಓವರ್. ಖರ್ಚಾಗುವ ವಸ್ತು ಮುಗಿದರೆ ಔಟ್. ಇಷ್ಟು ನೆನಪಿದ್ದರೆ ಸಾಕು. ಮನೆಯಲ್ಲಿ, ಗೆಳೆಯರ ಜೊತೆ ‘ಗಾಟ್ ಓವರ್’ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ರನ್ ಲೋ, ರನ್ ಶಾರ್ಟ್, ರನ್ ಔಟ್: ಮೂರಕ್ಕೂ ಏನು ವ್ಯತ್ಯಾಸ?

ಇವು ಮೂರು ಹಂತ. ಬೈಕಿನಲ್ಲಿ ಪೆಟ್ರೋಲ್ ರಿಸರ್ವ್‌ಗೆ ಬಂದರೆ ‘ಐ ಆ್ಯಮ್ ರನ್ನಿಂಗ್ ಲೋ ಆನ್ ಪೆಟ್ರೋಲ್’. ಇನ್ನೂ ಇದೆ, ಆದರೆ ಕಮ್ಮಿ. ಬೇಕಾದಷ್ಟು ಇಲ್ಲ, ಸಾಲುವುದಿಲ್ಲ ಅಂದಾಗ ‘ರನ್ನಿಂಗ್ ಶಾರ್ಟ್ ಆಫ್’. ಹೆಬ್ಬಾಳ ಫ್ಲೈಓವರ್ ಮೇಲೆ ಬೈಕ್ ನಿಂತೇ ಹೋದರೆ ‘ಐ ಹ್ಯಾವ್ ರನ್ ಔಟ್’. ಲೋ ಜೊತೆ ‘ಆನ್’ ಬರುತ್ತದೆ, ಶಾರ್ಟ್ ಮತ್ತು ಔಟ್ ಜೊತೆ ‘ಆಫ್’ (of). ಇದಕ್ಕೆ ಕಾರಣ ಹುಡುಕಬೇಡಿ, ಬಾಯಿಗೆ ರೂಢಿ ಮಾಡಿಕೊಳ್ಳಿ.

ಅಡುಗೆ ಗ್ಯಾಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಮೆರಿಕದವರಿಗೆ ‘ರನ್ ಔಟ್ ಆಫ್ ಗ್ಯಾಸ್’ ಅಂದರೆ ಗಾಡಿಯ ಪೆಟ್ರೋಲ್ ಮುಗಿಯುವುದು. ಅವರ ಜೊತೆ ಮಾತಾಡುವಾಗ ‘ದ ಗ್ಯಾಸ್ ಸಿಲಿಂಡರ್ ಈಸ್ ಎಂಪ್ಟಿ’ ಅಂದರೆ ತೊಂದರೆ ಇಲ್ಲ. ಮನೆಗೆ ಬರುವ 14.2 ಕಿಲೋ ಸಿಲಿಂಡರ್ ತಿಂಗಳಿಗೆ ಒಂದು ಬೇಕಾದರೆ ‘ವಿ ಗೆಟ್ ಥ್ರೂ ಎ ಸಿಲಿಂಡರ್ ಎ ಮಂತ್’. ಇಷ್ಟು ಕಾಲದಲ್ಲಿ ಇಷ್ಟು ಖರ್ಚು ಮಾಡುತ್ತೇವೆ ಅನ್ನುವುದಕ್ಕೆ ಗೆಟ್ ಥ್ರೂ ಬಹಳ ಒಳ್ಳೆಯ ಮಾತು. ನಮ್ಮವರು ಇದನ್ನು ಬಳಸುವುದು ತುಂಬಾ ಕಮ್ಮಿ.

‘ಹ್ಯಾವ್ ರ‍್ಯಾನ್ ಔಟ್’ ಅನ್ನಬಹುದಾ?

ಬೇಡ. ರನ್, ರ‍್ಯಾನ್, ರನ್. ‘ಯೆಸ್ಟರ್‌ಡೇ ವಿ ರ‍್ಯಾನ್ ಔಟ್’ ಸರಿ. ‘ವಿ ಹ್ಯಾವ್ ರನ್ ಔಟ್’ ಸರಿ.

ವಸ್ತು ಅಲ್ಲದ್ದಕ್ಕೂ ರನ್ ಔಟ್ ಬರುತ್ತದಾ? ಕ್ರಿಕೆಟ್ಟಿನ ರನ್ ಔಟ್ ಏನು?

ಧಾರಾಳವಾಗಿ ಬರುತ್ತದೆ. ಸಮಯ, ತಾಳ್ಮೆ, ಅದೃಷ್ಟ, ಐಡಿಯಾ ಎಲ್ಲಕ್ಕೂ ಹೇಳಬಹುದು. ‘ಮೈ ಪೇಷನ್ಸ್ ಹ್ಯಾಸ್ ರನ್ ಔಟ್.’ ಅವಧಿ ಮುಗಿಯುವ ಕಾಗದಪತ್ರಗಳಿಗೂ ಇದೇ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವರಿಗೆ 11 ತಿಂಗಳ ಕರಾರು ಗೊತ್ತೇ ಇದೆ. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದಕ್ಕೇ 11 ತಿಂಗಳ ಲೆಕ್ಕ. ಆ ಕರಾರು ಜೂನ್‌ಗೆ ಮುಗಿದರೆ ‘ಅವರ್ ಅಗ್ರಿಮೆಂಟ್ ರನ್ಸ್ ಔಟ್ ಇನ್ ಜೂನ್’. ಎಕ್ಸ್‌ಪೈರ್ ಅಂದರೂ ಸರಿ. ಮಾತಿನಲ್ಲಿ ರನ್ ಔಟ್ ಸಹಜವಾಗಿ ಕೇಳುತ್ತದೆ.

ಕ್ರಿಕೆಟ್ಟಿನದು ಬೇರೆ ಲೆಕ್ಕ. ಅಲ್ಲಿ ಫೀಲ್ಡಿಂಗ್ ಮಾಡುವವರು ಬ್ಯಾಟ್ಸ್‌ಮನ್‌ನನ್ನು ರನ್ ಔಟ್ ಮಾಡುತ್ತಾರೆ. ಹಾಗಾಗಿ ‘ಹಿ ವಾಸ್ ರನ್ ಔಟ್’ ಅನ್ನಬೇಕು. ‘ಹಿ ರ‍್ಯಾನ್ ಔಟ್’ ಅಂದರೆ ಅವನು ಎದ್ದು ಹೊರಗೆ ಓಡಿದ ಅಂತ. ‘ರನ್ ಔಟ್ ಆನ್ ಸಮ್‌ಒನ್’ ಇನ್ನೂ ಬೇರೆ. ಅದು ಹೆಂಡತಿ ಮಕ್ಕಳನ್ನೋ ಜೊತೆಗಾರರನ್ನೋ ನಡುನೀರಲ್ಲಿ ಕೈಬಿಟ್ಟು ಹೋಗುವುದು. ಇಲ್ಲಿ ‘ಆಫ್’ (of) ಬದಲು ‘ಆನ್’ ಬಂದರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಹುಷಾರು.

ಬೋರ್‌ವೆಲ್ ಬತ್ತಿದರೆ ರನ್ ಔಟ್ ಅನ್ನಬೇಕಾ, ಡ್ರೈ ಅಪ್ ಅನ್ನಬೇಕಾ?

ನೀರಿನ ಮೂಲ ಬತ್ತಿದರೆ ಡ್ರೈ ಅಪ್ ಅಥವಾ ರನ್ ಡ್ರೈ. ಸಂಪ್‌ನಲ್ಲಿ ತುಂಬಿಟ್ಟಿದ್ದ ನೀರು ಮುಗಿದರೆ ರನ್ ಔಟ್. 2024ರ ಬೇಸಿಗೆಯನ್ನು ನೆನೆಸಿಕೊಂಡರೆ ಎರಡಕ್ಕೂ ಉದಾಹರಣೆ ಸಿಗುತ್ತದೆ. ಮಳೆ ಕೈಕೊಟ್ಟ ಮೇಲೆ ಊರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ‘ದ ಬೋರ್‌ವೆಲ್ಸ್ ಡ್ರೈಡ್ ಅಪ್.’ ಟ್ಯಾಂಕರ್ ಬಾರದ ಅಪಾರ್ಟ್‌ಮೆಂಟುಗಳಲ್ಲಿ ‘ಪೀಪಲ್ ರ‍್ಯಾನ್ ಔಟ್ ಆಫ್ ವಾಟರ್’. ಕಾವೇರಿ ನೀರು ಬರುವ ನಲ್ಲಿಯ ಮಾತೇ ಬೇರೆ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರು ಅದು. 1974ರಲ್ಲಿ ಮೊದಲ ಹಂತ ಬಂತು, ಐದನೆಯದು 2024ರ ಅಕ್ಟೋಬರ್‌ನಲ್ಲಿ. ಅದರ ಸರಬರಾಜು ನಡುವೆ ನಿಂತರೆ ‘ದ ಸಪ್ಲೈ ಹ್ಯಾಸ್ ಬೀನ್ ಕಟ್ ಆಫ್’ ಅನ್ನಬೇಕು. ಮೂಲ ಬತ್ತಿಲ್ಲ, ಯಾರೋ ಎಲ್ಲೋ ನಿಲ್ಲಿಸಿದ್ದಾರೆ ಅಂತ ಅದರ ಅರ್ಥ. ಬರುವ ಹಣ, ಆರ್ಡರ್, ಕೆಲಸ ನಿಂತಾಗಲೂ ಡ್ರೈ ಅಪ್ ಸರಿಹೊಂದುತ್ತದೆ. ‘ದ ಫಂಡಿಂಗ್ ಹ್ಯಾಸ್ ಡ್ರೈಡ್ ಅಪ್’ ಅನ್ನುವ ಮಾತನ್ನು ಕೋರಮಂಗಲ, ಎಚ್‌ಎಸ್‌ಆರ್ ಲೇಔಟಿನ ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡುವವರು ಕೇಳಿರುತ್ತಾರೆ. ಇನ್ನು ಬ್ರಿಟನ್ನಿನ ಮನೆಯಲ್ಲಿ ಊಟವಾದ ಮೇಲೆ ಡ್ರೈ ಅಪ್ ಮಾಡ್ತೀರಾ ಅಂದರೆ ತೊಳೆದ ತಟ್ಟೆಗಳನ್ನು ಬಟ್ಟೆಯಿಂದ ಒರೆಸಿ ಅಂತ.

ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿದಂತೆ ಆಗುತ್ತದಲ್ಲ, ಅದಕ್ಕೆ ಏನು ಹೇಳುತ್ತಾರೆ?

ಇಲ್ಲೂ ಡ್ರೈ ಅಪ್ ಬರುತ್ತದೆ. ನಾಟಕದವರಲ್ಲಿ ಇದು ರೂಢಿಯ ಮಾತು. ರಂಗಶಂಕರದಲ್ಲೋ ರವೀಂದ್ರ ಕಲಾಕ್ಷೇತ್ರದಲ್ಲೋ ನಟ ನಡುವೆ ಮಾತು ಮರೆತು ನಿಂತುಬಿಟ್ಟರೆ ಬ್ರಿಟಿಷರು ‘ಹಿ ಡ್ರೈಡ್ ಅಪ್’ ಅನ್ನುತ್ತಾರೆ. ಹೇಳಬೇಕು ಅಂತ ಮನಸ್ಸಿದೆ, ಮಾತು ಬರುತ್ತಿಲ್ಲ.

ಕ್ಲ್ಯಾಮ್ ಅಪ್ ಇದರ ಪಕ್ಕದ್ದು, ಆದರೆ ಒಂದೇ ಅಲ್ಲ. ಕ್ಲ್ಯಾಮ್ ಅಂದರೆ ಮಂಗಳೂರಿನ ಕಡೆ ಮರುವಾಯಿ ಅಂತ ಪಲ್ಯ, ಸುಕ್ಕ ಮಾಡುವ ಚಿಪ್ಪು. ಮುಟ್ಟಿದರೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಹಾಗೆ, ಭಯಕ್ಕೋ ಸಂಕೋಚಕ್ಕೋ ಹೇಳಲು ಇಷ್ಟವಿಲ್ಲದ್ದಕ್ಕೋ ಮನುಷ್ಯ ಬಾಯಿ ಮುಚ್ಚಿಕೊಂಡರೆ ಕ್ಲ್ಯಾಮ್ ಅಪ್. ‘ವೆನ್ ಐ ಆಸ್ಕ್ಡ್ ಅಬೌಟ್ ದ ಮನಿ, ಹಿ ಕ್ಲ್ಯಾಮ್ಡ್ ಅಪ್.’ ಇಂಟರ್‌ವ್ಯೂನಲ್ಲಿ ಉತ್ತರ ಗೊತ್ತಿದ್ದೂ ಬಾಯಿಗೆ ಬರದಿದ್ದರೆ ಡ್ರೈ ಅಪ್. ಹಳೆ ಕಂಪನಿ ಯಾಕೆ ಬಿಟ್ಟಿರಿ ಅಂದಾಗ ಮಾತೇ ನಿಲ್ಲಿಸಿಬಿಟ್ಟರೆ ಕ್ಲ್ಯಾಮ್ ಅಪ್.

ಹಾಗೆ ನಿಂತುಹೋದಾಗ ಸುಮ್ಮನೆ ಕೂರಬೇಡಿ. ‘ಸಾರಿ, ಮೈ ಮೈಂಡ್ ಹ್ಯಾಸ್ ಗಾನ್ ಬ್ಲ್ಯಾಂಕ್, ಗಿವ್ ಮಿ ಎ ಮೊಮೆಂಟ್’ ಅಂತ ಹೇಳಿ. ಇದು ಸಭ್ಯವಾದ, ಎಲ್ಲರಿಗೂ ಅರ್ಥವಾಗುವ ಮಾತು. ನನ್ನ ವಿದ್ಯಾರ್ಥಿಗಳಿಗೆ ಈ ವಾಕ್ಯವನ್ನು ಬಾಯಿಪಾಠ ಮಾಡಿಸುತ್ತೇನೆ. ಕನ್ನಡ ಮೀಡಿಯಂನಿಂದ ಬಂದ ಜಾಣ ಮಕ್ಕಳು ಬರೀ ಮೌನದಿಂದ ಕೆಲಸ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶಟ್ ಅಪ್ ಅಂದರೆ ‘ಸುಮ್ನಿರು’ ತಾನೇ?

ಅಲ್ಲ. ‘ಸುಮ್ನಿರು’ ಅನ್ನುವುದನ್ನು ಅಜ್ಜಿ ಮೊಮ್ಮಗುವಿಗೆ ಪ್ರೀತಿಯಿಂದ ಹೇಳಬಹುದು. ‘ಸುಮ್ನಿರಿ ಸಾರ್, ನಾನ್ ನೋಡ್ಕೋತೀನಿ’ ಅಂತ ಧೈರ್ಯ ಕೊಡುವುದಕ್ಕೂ ಹೇಳಬಹುದು. ಶಟ್ ಅಪ್ ಅಂದರೆ ‘ಬಾಯಿ ಮುಚ್ಚು’. ತೀರಾ ಹತ್ತಿರದ ಗೆಳೆಯರ ನಡುವೆ ತಮಾಷೆಗೆ ನಡೆಯುತ್ತದೆ. ಬೇರೆ ಎಲ್ಲ ಕಡೆ ಅದು ಒರಟು.

ತರಗತಿಯಲ್ಲಿ ಮಕ್ಕಳಿಗೆ ‘ಕ್ವೈಟನ್ ಡೌನ್, ಪ್ಲೀಸ್’ ಅಥವಾ ‘ಸೆಟಲ್ ಡೌನ್’ ಸಾಕು. ಅಮೆರಿಕದವರು ‘ಕ್ವೈಟ್ ಡೌನ್’ ಅನ್ನುತ್ತಾರೆ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರು ಜೋರಾಗಿ ಮಾತಾಡುತ್ತಿದ್ದರೆ ‘ಕುಡ್ ಯು ಕೀಪ್ ಇಟ್ ಡೌನ್ ಎ ಬಿಟ್?’ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಯಲ್ಲಿ ಯಾರಿಗಾದರೂ ಹೇಳಬೇಕಾಗಿ ಬಂದರೂ ಇದೇ ವಾಕ್ಯ ಸರಿ. ಪೈಪ್ ಡೌನ್ ಇನ್ನೊಂದಿದೆ. ಹಡಗಿನಲ್ಲಿ ರಾತ್ರಿ ಸೀಟಿ ಊದಿ ನಾವಿಕರನ್ನು ಮಲಗಲು ಕಳಿಸುತ್ತಿದ್ದ ಕಾಲದಿಂದ ಬಂದ ಮಾತು. ದೊಡ್ಡವರು ಚಿಕ್ಕವರಿಗೆ ಹೇಳಬಹುದು. ಮ್ಯಾನೇಜರ್‌ಗೆ ಹೇಳಬೇಡಿ.

ಹಷ್ ಅಪ್ ನೋಡಲು ಇದೇ ಗುಂಪಿನಂತೆ ಕಾಣುತ್ತದೆ. ಆದರೆ ಹೆಚ್ಚಾಗಿ ಅದರ ಅರ್ಥ ಹಗರಣ ಮುಚ್ಚಿಹಾಕುವುದು. ‘ದೇ ಹಷ್ಡ್ ಇಟ್ ಅಪ್.’ ನೋಡಿ, ‘ಮುಚ್ಚಿಹಾಕು’ನಲ್ಲೂ ನಮ್ಮ ಎರಡನೇ ಕ್ರಿಯಾಪದ ಬಂತು.

ಡೈ ಡೌನ್, ಡೈ ಅವೇ, ಡೈ ಔಟ್: ಇವು ಯಾವಾಗಲೂ ಗೊಂದಲ.

ಸಣ್ಣ ಪದದ ಕಡೆ ಗಮನ ಕೊಡಿ. ಡೌನ್ ಅಂದರೆ ಮಟ್ಟ ಇಳಿಯುವುದು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಾತ್ರಿ ತಡವಾದ ಮೇಲೆ ಗಲಾಟೆ ಕಮ್ಮಿಯಾಗುತ್ತದೆ. ‘ದ ನಾಯ್ಸ್ ಡೈಸ್ ಡೌನ್.’ ಗದ್ದಲ ಅಲ್ಲೇ ಇದೆ, ಜೋರು ಇಳಿದಿದೆ. ಬೆಂಕಿ, ಗಾಳಿ, ಚಪ್ಪಾಳೆ, ಗಾಳಿಮಾತು ಎಲ್ಲಕ್ಕೂ ಇದು ಆಗುತ್ತದೆ.

ಅವೇ ಅಂದರೆ ದೂರ ಆಗುವುದು. ಗಣೇಶನ ಮೆರವಣಿಗೆ ನಮ್ಮ ರಸ್ತೆ ದಾಟಿ ಮುಂದಿನ ಕ್ರಾಸಿಗೆ ತಿರುಗಿದಾಗ ತಮಟೆ ಸದ್ದು ಸಣ್ಣಗಾಗುತ್ತಾ ಹೋಗುತ್ತದೆ. ‘ದ ಡ್ರಮ್‌ಬೀಟ್ಸ್ ಡೈಡ್ ಅವೇ.’ ಫೇಡ್ ಅವೇ ಅಂದರೂ ಸರಿ.

ಔಟ್ ಅಂದರೆ ಪೂರ್ತಿ ಇಲ್ಲವಾಗುವುದು. ಒಂದು ಜಾತಿಯ ಹಕ್ಕಿ, ಒಂದು ಪದ್ಧತಿ, ಒಂದು ಕಸುಬು ಅಳಿದು ಹೋದರೆ ಡೈ ಔಟ್. ಸಂಜೆಯ ಗಲಾಟೆಗೆ ಇದನ್ನು ಬಳಸಬಾರದು.

ಮಳೆ ಬಿಡುವುದಕ್ಕೆ ಲೆಟ್ ಅಪ್ ಇದೆ. ಹೆಚ್ಚಾಗಿ ಇಲ್ಲ ಅನ್ನುವ ವಾಕ್ಯದಲ್ಲೇ ಬರುತ್ತದೆ. ‘ದ ರೇನ್ ಡಿಡಂಟ್ ಲೆಟ್ ಅಪ್ ಆಲ್ ಈವ್ನಿಂಗ್.’ ಆಫೀಸ್ ಬಿಡುವ ಹೊತ್ತಿಗೇ ಮಳೆ ಹಿಡಿಯುವ ಊರಿನಲ್ಲಿ ಇದು ಉಪಯೋಗಕ್ಕೆ ಬರುತ್ತದೆ, ಅಲ್ವಾ?

ಮಾತಾಡುತ್ತಾ ಆಡುತ್ತಾ ದನಿ ಸಣ್ಣಗಾಗಿ ವಾಕ್ಯ ಅರ್ಧಕ್ಕೇ ನಿಂತರೆ?

ಟ್ರೇಲ್ ಆಫ್. ‘ಹರ್ ವಾಯ್ಸ್ ಟ್ರೇಲ್ಡ್ ಆಫ್.’ ತಟ್ಟನೆ ನಿಲ್ಲಿಸಿದರೆ ಬ್ರೇಕ್ ಆಫ್. ಇಡೀ ದಿನ ಪಾಠ ಮಾಡಿ ಗಂಟಲು ಕೈಕೊಟ್ಟರೆ ‘ಮೈ ವಾಯ್ಸ್ ಗೇವ್ ಔಟ್’. ಫಾಲ್ ಸೈಲೆಂಟ್ ಅನ್ನುವುದು ಫ್ರೇಸಲ್ ವರ್ಬ್ ಅಲ್ಲ, ಆದರೆ ಸುಮ್ಮನಾಗುವುದಕ್ಕೆ ಒಳ್ಳೆಯ ಮಾತು. ‘ದ ರೂಮ್ ಫೆಲ್ ಸೈಲೆಂಟ್.’

ಫೋನ್ ವಿಷಯ: ‘ಕಟ್ ದ ಕಾಲ್’ ಅನ್ನಬಹುದಾ?

ನಮ್ಮಲ್ಲಿ ನಡೆಯುತ್ತದೆ. ಹೊರಗಿನವರಿಗೆ ಹ್ಯಾಂಗ್ ಅಪ್ ಅನ್ನಿ. ಹಳೆಯ ಫೋನುಗಳಲ್ಲಿ ಮಾತು ಮುಗಿದ ಮೇಲೆ ರಿಸೀವರನ್ನು ಕೊಕ್ಕೆಗೆ ನೇತುಹಾಕುತ್ತಿದ್ದರು. ಆ ಕೊಕ್ಕೆ ಹೋಗಿ ಎಷ್ಟೋ ಕಾಲವಾಯಿತು, ಮಾತು ಮಾತ್ರ ಉಳಿದಿದೆ. ‘ಶಿ ಹಂಗ್ ಅಪ್ ಆನ್ ಮಿ’ ಅಂದರೆ ನಾನು ಮಾತಾಡುತ್ತಿರುವಾಗಲೇ ಇಟ್ಟುಬಿಟ್ಟಳು. ಬ್ರಿಟನ್ನಿನಲ್ಲಿ ರಿಂಗ್ ಆಫ್ ಅಂತಲೂ ಇದೆ.

ನೆಟ್‌ವರ್ಕ್ ಹೋಗಿ ಕಾಲ್ ತಾನೇ ನಿಂತರೆ ‘ವಿ ಗಾಟ್ ಕಟ್ ಆಫ್’. ದನಿ ತುಂಡು ತುಂಡಾಗಿ ಕೇಳಿದರೆ ‘ಯು ಆರ್ ಬ್ರೇಕಿಂಗ್ ಅಪ್’. ‘ಯುವರ್ ವಾಯ್ಸ್ ಈಸ್ ಬ್ರೇಕಿಂಗ್’ ಅನ್ನುವುದಕ್ಕೆ ಬೇರೆ ಅರ್ಥವೂ ಇದೆ. ಹದಿಹರೆಯದಲ್ಲಿ ಹುಡುಗರ ದನಿ ಒಡೆಯುತ್ತದಲ್ಲ, ಅದು. ಮನೆಯಿಂದ ಕೆಲಸ ಮಾಡುವವರು ‘ಯು ಆರ್ ಬ್ರೇಕಿಂಗ್ ಅಪ್’ ಅನ್ನುವುದನ್ನು ಮೊದಲು ಕಲಿಯಿರಿ, ದಿನಾ ಬೇಕಾಗುತ್ತದೆ.

ಕರೆಂಟ್ ಹೋದರೆ ಗೋ ಆಫ್ ಅನ್ನಬೇಕಾ, ಗೋ ಔಟ್ ಅನ್ನಬೇಕಾ?

ದೀಪಕ್ಕೂ ಕರೆಂಟಿಗೂ ಎರಡೂ ಸರಿ. ‘ದ ಲೈಟ್ಸ್ ವೆಂಟ್ ಔಟ್’, ‘ದ ಪವರ್ ವೆಂಟ್ ಆಫ್’. ಆದರೆ ಗೋ ಆಫ್ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಿ. ‘ದ ಅಲಾರ್ಮ್ ವೆಂಟ್ ಆಫ್’ ಅಂದರೆ ಅಲಾರ್ಮ್ ನಿಂತಿತು ಅಂತಲ್ಲ, ಹೊಡೆಯಿತು ಅಂತ. ಬಾಂಬ್‌ಗೂ ಹಾಗೇ. ಅಲಾರ್ಮ್ ನಿಂತಿತು ಅನ್ನಬೇಕಾದರೆ ‘ಸ್ಟಾಪ್ಡ್’ ಅನ್ನಿ. ಬ್ರಿಟಿಷರು ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಹಾಲು ಮುಗಿದಿಲ್ಲ, ಕೆಟ್ಟಿದೆ.

ಗಡಿಯಾರ, ಬ್ಯಾಟರಿ, ಎಂಜಿನ್ ನಿಂತರೆ?

ಕೀ ಕೊಡುವ ವಾಚ್ ನೆನಪಿದೆಯಾ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ನಮ್ಮ ಬೆಂಗಳೂರಿನಲ್ಲೇ ಕೈಗಡಿಯಾರ ಮಾಡಲು ಶುರು ಮಾಡಿತು. ಎಷ್ಟೋ ಮನೆಗಳಲ್ಲಿ ತಾತನ ವಾಚ್ ಇನ್ನೂ ಅದೇ. ಅದಕ್ಕೆ ಕೀ ಕೊಡುವುದು ವೈಂಡ್ ಅಪ್. ಕೀ ಇಳಿದು ನಿಲ್ಲುವುದು ರನ್ ಡೌನ್. ಬ್ಯಾಟರಿಯ ಶಕ್ತಿ ಇಳಿಯುವುದಕ್ಕೂ ರನ್ ಡೌನ್ ಸರಿ. ಸೋಜಿಗ ಅಂದರೆ, ಕಂಪನಿ ಮುಚ್ಚುವುದಕ್ಕೂ ವೈಂಡ್ ಅಪ್ ಅನ್ನುತ್ತಾರೆ. ಒಂದೇ ಮಾತು ಗಡಿಯಾರವನ್ನು ಓಡಿಸುತ್ತದೆ, ವ್ಯಾಪಾರವನ್ನು ನಿಲ್ಲಿಸುತ್ತದೆ. ಎರಡಕ್ಕೂ ಭೂತಕಾಲದಲ್ಲಿ ‘ವೌಂಡ್ ಅಪ್’.

ಎಂಜಿನ್ ತಟ್ಟನೆ ನಿಂತರೆ ಕಟ್ ಔಟ್. ಹಳೇ ಗಾಡಿ ಪೂರ್ತಿ ಕೈಕೊಟ್ಟರೆ ಕಾಂಕ್ ಔಟ್, ಇದು ಆಡುಮಾತು. ಬಳಸಿ ಬಳಸಿ ಸವೆದರೆ ವೇರ್ ಔಟ್: ಚಪ್ಪಲಿ, ಟೈರ್, ಮಂಡಿ.

ಪೀಟರ್ ಔಟ್‌ನಲ್ಲಿರುವ ಪೀಟರ್ ಯಾರು?

ಯಾರೂ ಅಲ್ಲ. 19ನೇ ಶತಮಾನದ ನಡುವೆ ಅಮೆರಿಕದ ಗಣಿಗಳಲ್ಲಿ ಹುಟ್ಟಿದ ಮಾತು ಇದು. ಅದಿರಿನ ಪದರ ತೆಳ್ಳಗಾಗುತ್ತಾ ಹೋಗಿ ಕೊನೆಗೆ ಸಿಗದೇ ಹೋಗುವುದಕ್ಕೆ ಹಾಗೆ ಅನ್ನುತ್ತಿದ್ದರು. ಈಗ ನಿಧಾನವಾಗಿ ಕ್ಷೀಣಿಸುವ ಎಲ್ಲಕ್ಕೂ ಹೇಳುತ್ತಾರೆ. ಹಳೇ ಕ್ಲಾಸ್‌ಮೇಟ್‌ಗಳ ವಾಟ್ಸಾಪ್ ಗುಂಪಿನಲ್ಲಿ ಮೊದಲ ವಾರ ನೂರಾರು ಮೆಸೇಜ್, ಆಮೇಲೆ ಹಬ್ಬಕ್ಕೊಂದು ಶುಭಾಶಯ. ‘ದ ಚ್ಯಾಟ್ ಪೀಟರ್ಡ್ ಔಟ್.’ ಜೋರಾಗಿ ಶುರುವಾಗಿ ಫಲ ಕೊಡದೆ ಠುಸ್ ಅಂದರೆ ಫಿಝಲ್ ಔಟ್. ಸಂಖ್ಯೆ, ಮಾರಾಟ ಇಳಿಯುತ್ತಾ ಬಂದರೆ ಟೇಲ್ ಆಫ್.

ಬರ್ನ್ ಔಟ್ ಇದೇ ಗುಂಪಿಗೆ ಸೇರುತ್ತದಾ?

ಸೇರುತ್ತದೆ. ಉರಿದು ಮುಗಿಯುವುದು. ಈಗ ನಾವು ಕೇಳುವ ಅರ್ಥ, ಕೆಲಸದ ಒತ್ತಡದಿಂದ ಮನುಷ್ಯನೇ ಬಸವಳಿಯುವುದು. 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಬಗ್ಗೆ ಬರೆದ ಮೇಲೆ ಪದ ಹರಡಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ವಿವರಿಸಿತು, ಕಾಯಿಲೆ ಅಂತ ಅಲ್ಲ. ನಾಮಪದವಾದರೆ ಬರ್ನ್‌ಔಟ್ ಒಂದೇ ಪದ, ಒತ್ತು ‘ಬರ್ನ್’ ಮೇಲೆ. ಕ್ರಿಯಾಪದವಾದರೆ ಎರಡು ಪದ, ಒತ್ತು ‘ಔಟ್’ ಮೇಲೆ. ಸೆಲ್ ಔಟ್‌ಗೂ (ಪೂರ್ತಿ ಮಾರಾಟವಾಗುವುದು) ಇದೇ ನಿಯಮ. ಕನ್ನಡದವರು ಎರಡೂ ಪದಕ್ಕೆ ಒಂದೇ ಸಮ ಒತ್ತು ಕೊಡುತ್ತೇವೆ. ಕೇಳುವವರಿಗೆ ಗೊಂದಲವಾಗುವುದು ಅಲ್ಲಿ.

ಯಾವ ಫ್ರೇಸಲ್ ವರ್ಬನ್ನು ನಡುವೆ ಬೇರೆ ಪದ ಹಾಕಿ ಬಿಡಿಸಬಹುದು?

ಯೂಸ್ ಅಪ್ (ಪೂರ್ತಿ ಬಳಸಿ ಮುಗಿಸು) ಬಿಡಿಸಬಹುದು. ‘ಯೂಸ್ ಅಪ್ ದ ಹಿಟ್ಟು’, ‘ಯೂಸ್ ದ ಹಿಟ್ಟು ಅಪ್’ ಎರಡೂ ನಡೆಯುತ್ತವೆ. ‘ಇಟ್’ ಬಂದರೆ ಮಾತ್ರ ನಡುವೆಯೇ ಇರಬೇಕು. ‘ಯೂಸ್ ಇಟ್ ಅಪ್.’ ‘ಯೂಸ್ ಅಪ್ ಇಟ್’ ಯಾರೂ ಹೇಳುವುದಿಲ್ಲ. ರನ್ ಔಟ್ ಆಫ್ ಬಿಡಿಸಲು ಆಗುವುದಿಲ್ಲ. ‘ವಿ ರ‍್ಯಾನ್ ಔಟ್ ಆಫ್ ಇಟ್’ ಒಂದೇ ದಾರಿ.

ಆಫೀಸಿನ ಮೇಲ್‌ಗಳಲ್ಲಿ ಇವನ್ನೆಲ್ಲ ಬರೆಯಬಹುದಾ?

ರನ್ ಔಟ್, ಯೂಸ್ ಅಪ್, ಕಟ್ ಆಫ್, ಟೇಲ್ ಆಫ್, ಡ್ರೈ ಅಪ್: ನಿರಾಳವಾಗಿ ಬರೆಯಿರಿ. ಕಾಂಕ್ ಔಟ್, ಕ್ಲ್ಯಾಮ್ ಅಪ್, ಪೈಪ್ ಡೌನ್ ಮಾತಿಗೆ ಇರಲಿ. ಟೆಂಡರ್, ಕರಾರು, ಕಾನೂನಿನ ಪತ್ರಗಳಲ್ಲಿ ಮಾತ್ರ ಎಕ್ಸ್‌ಪೈರ್, ಎಕ್ಸಾಸ್ಟ್, ಡಿಸ್‌ಕನೆಕ್ಟ್ ಥರದ ಒಂಟಿ ಪದಗಳನ್ನು ಹಾಕಿ.